ಸಿರುಗುಪ್ಪದ ಖಾಲಿ ಫೈಲು

ಅನುಮಾನ ನನಗೆ ಹುಟ್ಟುಗುಣ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಬೀಗ ಹಾಕಿ ಜಗ್ಗಿ ನೋಡುತ್ತೇನೆ, ಬೀದಿಯ ತಿರುವಿಗೆ ಹೋದವಳು ವಾಪಸ್ ಬಂದು ಮತ್ತೆ ಜಗ್ಗುತ್ತೇನೆ. ಹಾಲಿನವನ ಎದುರಿಗೇ ಒಂದು ಹನಿ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತೇನೆ. ನಮ್ಮತ್ತೆ ಇದ್ದಾಗ ನೆಂಟರ ಮುಂದೆ ಹೇಳುತ್ತಿದ್ದರು, ಈಕೆ ತನ್ನ ನೆರಳಿಗೂ ಗುರುತಿನ ಚೀಟಿ ಕೇಳುವವಳು ಎಂದು. ಹೇಳಲಿ ಬಿಡಿ. ಬಳ್ಳಾರಿಯಲ್ಲಿ ನನಗೆ ಅನ್ನ ಹುಟ್ಟಿದ್ದೇ ಈ ಗುಣದಿಂದ.

ನನ್ನದು ಕಂಪ್ಯೂಟರಿನ ಕಪ್ಪು ಪರದೆಯ ಕೆಲಸ. ಮೌಸ್ ಹಿಡಿದು ಚಿತ್ರ ಒತ್ತುವುದಲ್ಲ; ಒಂದು ಸಾಲು ಅಪ್ಪಣೆ ಬರೆದು ಎಂಟರ್ ಒತ್ತುವುದು. ಜೋಡಿಸು ಎಂದರೆ ಜೋಡಿಸುತ್ತದೆ, ಹುಡುಕು ಎಂದರೆ ಹುಡುಕುತ್ತದೆ. ಕೆಲಸ ಆದರೆ ಬಾಯಿ ಬಿಡುವುದಿಲ್ಲ, ಆಗದಿದ್ದರೆ ಒಂದು ಸಾಲು ಗೊಣಗುತ್ತದೆ. ಎಷ್ಟೋ ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಕ್ಲಾಸು ನಡೆಸಿದೆ. ಮಕ್ಕಳು ಬರುವುದು ಕಡಿಮೆಯಾದ ಮೇಲೆ ಅಕ್ಕಿ ಗಿರಣಿಯವರಿಗೆ, ಜೀನ್ಸ್‌ನವರಿಗೆ ಅವರವರ ಕೆಲಸಕ್ಕೆ ಬೇಕಾದ ಸಣ್ಣ ಸಣ್ಣ ಪ್ರೋಗ್ರಾಂ ಬರೆದುಕೊಟ್ಟು, ಕೆಟ್ಟರೆ ಹೋಗಿ ರಿಪೇರಿ ಮಾಡಿಕೊಂಡು ಬಂದಿದ್ದೇನೆ.

ಅಂಥ ಜೀನ್ಸ್ ಸಾವ್ಕಾರರೊಬ್ಬರು ಹೋದ ವರ್ಷ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿದರು. ಅವರ ಕಟಿಂಗ್ ಹಾಲ್ ಬಳ್ಳಾರಿಯಲ್ಲಿ, ಹೊಲಿಗೆ ಶೆಡ್ಡು ಎರಡು: ಒಂದು ಕುರುಗೋಡಿನಲ್ಲಿ, ಇನ್ನೊಂದು ಸಿರುಗುಪ್ಪದಲ್ಲಿ. ಸಿರುಗುಪ್ಪದಲ್ಲಿ ಹೊಲಿದ ಪ್ಯಾಂಟುಗಳು ವಾಷಿಂಗ್‌ನಿಂದ ಹೊರಗೆ ಬಂದಾಗ ಮುಂದುಗಡೆ ಒಂದು ನೀಲಿ, ಹಿಂದುಗಡೆ ಇನ್ನೊಂದು ನೀಲಿ ಆಗುತ್ತಿವೆಯಂತೆ. ಕುರುಗೋಡಿನ ಮಾಲು ಮಾತ್ರ ಸರಿಯಾಗಿದೆಯಂತೆ. ಬಟ್ಟೆ ಒಂದೇ, ಕತ್ತರಿ ಒಂದೇ, ವಾಷಿಂಗ್ ಒಂದೇ. ಹಾಗಾದರೆ ಒಳ್ಳೆಯ ತುಂಡುಗಳು ಸಿರುಗುಪ್ಪದಿಂದ ಹೊರಗೆ ಹೋಗಿ, ಅವುಗಳ ಜಾಗಕ್ಕೆ ರದ್ದಿ ತುಂಡುಗಳು ಬರುತ್ತಿವೆ ಎಂಬುದು ಅವರ ಲೆಕ್ಕಾಚಾರ. ಅದನ್ನು ಮುಚ್ಚಿಡಲು ಶೆಡ್ಡಿನ ಮಾಸ್ಟರ್ ನನ್ನ ಪ್ರೋಗ್ರಾಮಿಗೇ ಕೈ ಹಾಕಿರಬೇಕು, ಹೋಗಿ ನೋಡಿಕೊಂಡು ಬನ್ನಿ ಎಂದರು. ಅಲ್ಲಿಯವರೆಗೆ ಸಿರುಗುಪ್ಪಕ್ಕೆ ಹೊಸ ಬಟ್ಟೆ ಕಳಿಸುವುದಿಲ್ಲ. ಕೈ ಹಾಕಿದ್ದು ನಿಜವಾದರೆ ಹೊಲಿಗೆ ಮಷಿನ್‌ಗಳನ್ನೆಲ್ಲ ಎತ್ತಿಸಿ ಕುರುಗೋಡಿಗೆ ಹಾಕಿಸುತ್ತಾರಂತೆ.

ಹಾಗಾದರೆ ಮಾಸ್ಟರ್ ಕಥೆ ಮುಗಿದಂತೆಯೇ. ಕಳ್ಳ ಎಂಬ ಹೆಸರು ಬಂದ ಹೊಲಿಗೆ ಮಾಸ್ಟರಿಗೆ ಬಳ್ಳಾರಿಯಲ್ಲಿ ಇನ್ನೊಬ್ಬ ಸಾವ್ಕಾರ ಒಂದು ಗೇಣು ಬಟ್ಟೆ ನಂಬಿ ಕೊಡುವುದಿಲ್ಲ. ಅವನ ಕೈಕೆಳಗೆ ಹೊಲಿಯುವ ಹೆಣ್ಣುಮಕ್ಕಳಿಗೂ ಅದೇ ಹೆಸರು ಅಂಟುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಸಾವ್ಕಾರರ ಮಾತನ್ನು ಕೇಳಿದಾಗ ನನಗೆ ಪಾಪ ಅನ್ನಿಸಲಿಲ್ಲ, ಇದ್ದರೂ ಇರಬಹುದು ಅನ್ನಿಸಿತು.

ಈ ದಂಧೆಯಲ್ಲಿ ನಂಬರಿನ ಚೀಟಿಯೇ ಜೀವ. ಟೇಬಲ್ ಮೇಲೆ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಂದೇ ಸಲ ಕತ್ತರಿಸುತ್ತಾರೆ. ಗಿರಣಿಯಿಂದ ಉಂಡೆಯಾಗಿ ಬರುವ ಒಂದು ಥಾನು ಬಟ್ಟೆಯ ಬಣ್ಣ ಇನ್ನೊಂದು ಥಾನಿಗೆ ಕೂಡಿ ಬರುವುದಿಲ್ಲ. ಕಣ್ಣಿಗೆ ಒಂದೇ ತರಹ ಕಂಡರೂ ವಾಷಿಂಗ್‌ನಲ್ಲಿ ಬಣ್ಣ ಬಯಲಾಗುತ್ತದೆ. ಅದಕ್ಕೇ ಒಂದು ಪದರದ ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ಒಂದೇ ನಂಬರಿನ ಚೀಟಿ ಅಂಟಿಸಿ, ನಂಬರಿಗೆ ನಂಬರು ಕೂಡಿಸಿ ಹೊಲಿಯುತ್ತಾರೆ. ಮುಂದಿನ ತುಂಡುಗಳಿಗೆ ಬಳ್ಳಾರಿಯಲ್ಲೇ ಚೀಟಿ ಬೀಳುತ್ತದೆ. ಹಿಂದಿನವು ಜೇಬಿನ ಕಸೂತಿಗೆ ಹೋಗಿ ನೇರ ಶೆಡ್ಡಿಗೆ ಬರುವುದರಿಂದ ಅವುಗಳ ಚೀಟಿಯನ್ನು ಶೆಡ್ಡಿನ ಕಂಪ್ಯೂಟರೇ ಪ್ರಿಂಟ್ ಮಾಡಬೇಕು. ಬಳ್ಳಾರಿಯಿಂದ ಒಂದು ಫೈಲು ಬರುತ್ತದೆ. ಅದರ ಪ್ರತಿ ಸಾಲಿನಲ್ಲಿ ಮೊದಲು ಥಾನಿನ ನಂಬರು, ಆಮೇಲೆ ಪದರದ ನಂಬರು. ನನ್ನ ಪ್ರೋಗ್ರಾಂ ಅದನ್ನು ಪದರದ ಪ್ರಕಾರ ಜೋಡಿಸಿ ಚೀಟಿಯ ಸುರುಳಿ ಪ್ರಿಂಟ್ ಮಾಡುತ್ತದೆ. ಹೆಣ್ಣುಮಕ್ಕಳು ಸುರುಳಿ ಬಿಚ್ಚಿದ ಹಾಗೆ ಗಟ್ಟಿಯ, ಅಂದರೆ ಒಂದರ ಮೇಲೊಂದಿಟ್ಟು ಕಟ್ಟಿದ ತುಂಡುಗಳ ಕಟ್ಟಿನ, ಮೇಲಿನ ತುಂಡಿನಿಂದ ಕೆಳಗಿನವರೆಗೆ ಅಂಟಿಸುತ್ತಾ ಹೋಗುತ್ತಾರೆ.

ಮೊದಲು ಕುರುಗೋಡಿಗೆ ಹೋದೆ. ಸರಿ ಇರುವುದನ್ನು ನೋಡದೆ ಕೆಟ್ಟದ್ದನ್ನು ನೋಡಬಾರದು ಎಂಬುದು ನನ್ನ ಪದ್ಧತಿ. ಅಲ್ಲಿನ ಶೆಡ್ಡನ್ನು ನೋಡಿಕೊಳ್ಳುವಾಕೆ ನನ್ನ ವಯಸ್ಸಿನವಳೇ, ಬಹಳ ಸಲಿಗೆ. ನಾನು ಹಿಂದೆ ಕೂರಿಸಿದ್ದ ಹಳೆಯ ಕಂಪ್ಯೂಟರ್ ಧೂಳು ಹೊದ್ದುಕೊಂಡು ಅದೇ ಮೂಲೆಯಲ್ಲಿ ಕೂತಿತ್ತು. ಪ್ರೋಗ್ರಾಂ ಓಡಿಸಿದೆ, ಚೀಟಿ ಪದರದ ಪ್ರಕಾರ ಸರಿಯಾಗಿ ಬಂದವು. ಚಹಾ ಕೊಡುತ್ತಾ ಆಕೆ ದನಿ ಸಣ್ಣ ಮಾಡಿದಳು. ಸಿರುಗುಪ್ಪದ ಮಾಸ್ಟರ್ ಬಹಳ ಶಾಣ್ಯಾ, ಕಂಪ್ಯೂಟರ್ ಮುಂದೆ ತಾನೊಬ್ಬನೇ ಕೂರುತ್ತಾನೆ, ಬೇರೆಯವರಿಗೆ ಮುಟ್ಟಗೊಡುವುದಿಲ್ಲ, ನಾನೇನೂ ಹೇಳಿಲ್ಲ ನೋಡಿ ಎಂದಳು. ಮಷಿನ್‌ಗಳು ಬಂದರೆ ಈಕೆಯ ಶೆಡ್ಡಿಗೇ ಬರಬೇಕಲ್ಲ ಎಂದು ಈಕೆಯ ಮೇಲೂ ನನಗೆ ಅನುಮಾನ ಬಂತು. ಆದರೆ ಆಕೆ ಬಿತ್ತಿದ್ದು ನನ್ನ ತಲೆಯಲ್ಲಿ ಆಗಲೇ ಮೊಳಕೆ ಒಡೆದಿತ್ತು. ಬಸ್ಸು ಬದಲಿಸಿ ತೆಕ್ಕಲಕೋಟೆ ದಾಟುವ ಹೊತ್ತಿಗೆ ಮಾಸ್ಟರನ್ನು ಯಾವ ಪ್ರಶ್ನೆಯಿಂದ ಹಿಡಿಯಬೇಕು ಎಂದು ಮನಸ್ಸಿನಲ್ಲೇ ಸಾಲು ಜೋಡಿಸುತ್ತಿದ್ದೆ.

ಸಿರುಗುಪ್ಪದ ಶೆಡ್ಡು ಮುಟ್ಟಿದಾಗ ಊಟದ ಹೊತ್ತು. ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಸಾವ್ಕಾರರ ಕಡೆಯ ಸೂಪರ್‌ವೈಸರ್. ಹೊರಗೆ ಹೋಗುವ ಪ್ರತಿಯೊಬ್ಬ ಹೆಣ್ಣುಮಗಳೂ ಅವನ ಮುಂದೆ ಚೀಲ ತೆರೆದು ನಿಲ್ಲಬೇಕು. ಅವನು ಕೈ ಹಾಕಿ ಡಬ್ಬಿ ಎತ್ತಿ, ಅದರ ಕೆಳಗೆ ಮಡಚಿಟ್ಟ ವಸ್ತ್ರವನ್ನು ಕೊಡವಿ ನೋಡುತ್ತಿದ್ದ. ಹಚ್ಚೊಳ್ಳಿ ಕಡೆಯಿಂದ ಬಸ್ಸಿಗೆ ಬರುವವರು, ಊರೊಳಗಿನವರು, ಬುರ್ಖಾದವರು, ಕುಂಕುಮದವರು, ಎಲ್ಲರೂ ಒಂದೇ ಸಾಲು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಪಾಸಣೆ ಎಂದರೆ ಹೀಗಿರಬೇಕು ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದು ಸುಳ್ಳಲ್ಲ.

ಮಾಸ್ಟರ್ ಎದ್ದು ಬಂದು ಸಲಾಂ ಹೇಳಿ ಕುರ್ಚಿ ಒರೆಸಿಕೊಟ್ಟರು. ನಾನು ಬರುತ್ತಿರುವ ಕಾರಣ ಅವರಿಗೆ ಗೊತ್ತಿತ್ತು. ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಅಳತೆಯ ಟೇಪು, ಮಾತು ಕಡಿಮೆ. ಮಾತು ಕಡಿಮೆ ಇದ್ದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇಲ್ಲಿಯ ಹಳೆಯ ಕಂಪ್ಯೂಟರ್ ಸುಟ್ಟುಹೋಗಿ ಸಾವ್ಕಾರರು ಹೊಸದು ಕಳಿಸಿದ್ದರು. ಅಂಗಡಿಯವನು ತಂದು, ಕುರುಗೋಡಿನಿಂದ ನನ್ನ ಪ್ರೋಗ್ರಾಂ ನಕಲು ಮಾಡಿ, ಚಾಲೂ ಮಾಡಿ ಹೋಗಿದ್ದ. ಅದರ ಮುಂದೆ ಕೂತು ಒಂದು ಹಳೆಯ ಫೈಲು ಕೊಟ್ಟು ಓಡಿಸಿದೆ. ಒಂದು ಮಾತೂ ಗೊಣಗದೆ ಸುರುಳಿ ಹೊರಗೆ ಬಂತು. ನೋಡುತ್ತೇನೆ, ಚೀಟಿಗಳು ಪದರದ ಪ್ರಕಾರ ಇಲ್ಲವೇ ಇಲ್ಲ, ಥಾನಿನ ಪ್ರಕಾರ ಬಂದಿವೆ.

ಪ್ರೋಗ್ರಾಂ ತೆರೆದೆ. ನಾನು ಬರೆದ ಸಾಲಿನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಅದೇ ನನಗೆ ಇನ್ನೂ ಸಂಶಯ ತಂದಿತು. ಫೋಲ್ಡರ್‌ನಲ್ಲಿ ಏನೇನಿದೆ ತೋರಿಸು ಎಂದು ಅಪ್ಪಣೆ ಕೊಟ್ಟೆ. ನನ್ನ ಫೈಲುಗಳ ನಡುವೆ ನಾನು ಇಡದ ಒಂದು ಫೈಲು ಇತ್ತು. ಅದರ ಹೆಸರು +1. ತೆರೆದರೆ ಒಳಗೆ ಏನೂ ಇಲ್ಲ, ಖಾಲಿ. ತಾರೀಖು ನೋಡಿದರೆ ಹೊಸ ಕಂಪ್ಯೂಟರ್ ಬಂದ ದಿನದ್ದೇ. ಮಾಲು ಕೆಡಲು ಶುರುವಾದದ್ದೂ ಆಗಿನಿಂದಲೇ.

ಸಿಕ್ಕಿಬಿದ್ದ ಮಗ ಅಂದುಕೊಂಡೆ. ಊಟ ಮುಗಿಸಿ ಬಂದ ಹೆಣ್ಣುಮಕ್ಕಳಿಗೂ ಕೇಳುವ ಹಾಗೆ, ಇದನ್ನು ಯಾರು ಮಾಡಿದ್ದು ಎಂದು ಜೋರಾಗಿಯೇ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರು ಎಂದು ಕಣ್ಣಾಡಿಸಿದೆ. ಯಾರೂ ಹೆಗಲು ಮುಟ್ಟಿಕೊಳ್ಳಲಿಲ್ಲ. ಮಾಸ್ಟರ್ ಬಗ್ಗಿ ಪರದೆ ನೋಡಿ, ಅದಾ, ಅದು ನಾನು ಮಾಡಿದ್ದು ಎಂದರು. ಅಂಜಿಕೆಯಿಲ್ಲ, ಅಳುಕಿಲ್ಲ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವನು ಭಾರಿ ಪಾಕಡಾ, ಪಳಗಿದ ಕಳ್ಳ ಇರಬೇಕು ಅನ್ನಿಸಿತು.

ಯಾಕೆ ಮಾಡಿದಿರಿ ಎಂದೆ.

"ಅದು ಕೇಳ್ತು ಅಕ್ಕಾರ, ಕೊಟ್ಟೆ. ಪ್ಲಸ್ ಒನ್ ಅನ್ನೋ ಫೈಲ್ ಇಲ್ಲ ಅಂತ ಬರ್ತಿತ್ತು, ಮುಂದ ಹೋಗವಲ್ದು. ಇಲ್ಲದ್ದಕ್ಕ ಖಾಲಿ ಇಡೋದು ನಮ್ಮ ಕೆಲಸದಾಗ ಐತಲ್ರಿ."

ನನಗೆ ತಲೆಬುಡ ತಿಳಿಯಲಿಲ್ಲ. ಅವರು ರ್ಯಾಕಿನಿಂದ ಒಂದು ಗಟ್ಟಿ ಎಳೆದು ತೋರಿಸಿದರು. ಹಾಸಿದ ಬಟ್ಟೆಯಲ್ಲಿ ಎಲ್ಲಾದರೂ ತೂತು, ಎಳೆ ಕಿತ್ತದ್ದು ಕಂಡರೆ ಆ ಪದರದ ತುಂಡನ್ನು ತೆಗೆದುಬಿಡುತ್ತಾರೆ. ಆದರೆ ಅದರ ಚೀಟಿಯನ್ನು ಎಸೆಯುವುದಿಲ್ಲ. ತುಂಡಿನ ಜಾಗದಲ್ಲಿ ಒಂದು ಕಾಗದ ಇಟ್ಟು ಅದರ ಮೇಲೆ ಆ ಚೀಟಿ ಅಂಟಿಸುತ್ತಾರೆ. ಅದಕ್ಕೆ ಖಾಲಿ ಎನ್ನುತ್ತಾರೆ. ಖಾಲಿ ಇಡದಿದ್ದರೆ ಕೆಳಗಿನ ತುಂಡುಗಳಿಗೆಲ್ಲ ಒಂದೊಂದು ನಂಬರು ಸರಿದು ಇಡೀ ಗಟ್ಟಿ ಕೆಡುತ್ತದೆ. ಇಲ್ಲದ್ದರ ಹೆಸರಿನಲ್ಲಿ ಖಾಲಿ ಇಟ್ಟು ಮುಂದೆ ನಡೆಯುವುದು ಅವರು ಕಸುಬು ಕಲಿತ ದಿನದಿಂದ ಕೈಗೆ ಬಂದ ರೂಢಿ. ಕಂಪ್ಯೂಟರು +1 ಇಲ್ಲ ಎಂದಿತು. ಆ ಹೆಸರಿನ ಖಾಲಿ ಫೈಲು ಇಟ್ಟರು. ಗೊಣಗುವುದು ನಿಂತಿತು, ಚೀಟಿ ಬಂದವು. ಇನ್ನೇನು ಬೇಕು? ಚೀಟಿ ಬೇರೆ ಕ್ರಮದಲ್ಲಿ ಬಂದದ್ದು ಹೆಣ್ಣುಮಕ್ಕಳಿಗೆ ಕಂಡಿತ್ತಂತೆ. ಬಳ್ಳಾರಿಯವರು ಈಗ ಹೀಗೆ ಹಾಸುತ್ತಿರಬೇಕು ಎಂದುಕೊಂಡರಂತೆ.

ಕುರ್ಚಿಯಲ್ಲಿ ಹಿಂದಕ್ಕೆ ಒರಗಿದೆ. +1 ಎಂಬುದು ಫೈಲಿನ ಹೆಸರೇ ಅಲ್ಲ. ಅದು ನಾನು ಕೊಟ್ಟ ಅಪ್ಪಣೆಯ ಭಾಗ. ಒಂದನ್ನು ದಾಟಿ, ಎರಡನೆಯ ಅಂಕಣದಿಂದ ನೋಡಿ ಜೋಡಿಸು ಎಂದು ಅದರ ಅರ್ಥ. ನಾನು ಕಲಿಯುವ ಕಾಲಕ್ಕೆ ಎಲ್ಲರೂ ಹಾಗೇ ಬರೆಯುತ್ತಿದ್ದರು. ಆಮೇಲೆ ಈ ಅಪ್ಪಣೆಗಳಿಗೆಲ್ಲ ನಿಯಮ ಮಾಡುವವರು ಕೂತು ಯೋಚಿಸಿದರು. ಪ್ಲಸ್ ಗುರುತಿನಿಂದ ಶುರುವಾಗುವ ಹೆಸರನ್ನು ಯಾರಾದರೂ ಫೈಲಿಗೆ ಇಡಬಹುದಲ್ಲ, ಒಂದೇ ಮಾತಿಗೆ ಎರಡು ಅರ್ಥ ಬೇಡ ಎಂದು ಹಳೆಯ ರೀತಿಯನ್ನು ಕೈಬಿಟ್ಟು ಬೇರೆ ರೀತಿ ಹೇಳಿಕೊಟ್ಟರು. ಆದರೆ ಉಪಕರಣ ಮಾಡುವವರಿಗೆ ಗೊತ್ತು, ಊರೂರಲ್ಲಿ ನನ್ನಂಥವರು ಹಳೆಯ ಸಾಲು ಬರೆದಿಟ್ಟು ಮರೆತಿದ್ದಾರೆ. ಅದಕ್ಕೆ ಕೆಲವರು ಹೊಸದನ್ನೂ ಕಲಿಸಿ ಹಳೆಯದನ್ನೂ ನಡೆಸಿಕೊಟ್ಟರು. ಕುರುಗೋಡಿನದು ಅಂಥ ಮುಲಾಜಿನ ಕಂಪ್ಯೂಟರು. ಸಿರುಗುಪ್ಪದ ಹೊಸದು ನಿಯಮದ ಪ್ರಕಾರ ನಡೆಯುವ ಖಡಕ್ ಆಸಾಮಿ. +1 ಕಂಡ ಕೂಡಲೇ ಅದೊಂದು ಫೈಲು ಎಂದುಕೊಂಡು ಹುಡುಕಿತು. ಇಲ್ಲ ಎಂದಿತು. ಖಾಲಿ ಕೊಟ್ಟ ಮೇಲೆ ಖಾಲಿಯನ್ನೂ ನಮ್ಮ ಫೈಲನ್ನೂ ಸೇರಿಸಿ, ಯಾವ ಅಂಕಣ ಎಂದು ಯಾರೂ ಹೇಳಿಲ್ಲವಲ್ಲ, ಮೊದಲಿನಿಂದ ಜೋಡಿಸಿತು. ಮೊದಲಿರುವುದು ಥಾನು. ಥಾನುಗಳನ್ನು ನಂಬರಿನ ಕ್ರಮದಲ್ಲಿ ಹಾಸುವುದಿಲ್ಲವಾದ್ದರಿಂದ ಚೀಟಿಗಳು ತಪ್ಪು ತುಂಡಿಗೆ ಬಿದ್ದವು.

ಯಾರ ಮೇಲೆ ಸಿಟ್ಟು ಮಾಡುವುದು? ನಿಯಮ ಮಾಡುವವರ ಮೇಲೆ ನನಗೆ ಎಂದೂ ಪೂರ್ತಿ ನಂಬಿಕೆ ಇಲ್ಲ. ಇವತ್ತು ಒಂದು ಹೇಳಿ ನಾಳೆ ಇನ್ನೊಂದು ಹೇಳುತ್ತಾರೆ. ಆದರೆ ಅವತ್ತು ನನಗೆ ಹೆಚ್ಚು ಅನುಮಾನ ಬಂದದ್ದು ಕುರುಗೋಡಿನ ಆ ಹಳೆಯ ಕಂಪ್ಯೂಟರಿನ ಮೇಲೆ. ನೀನು ಬರೆದದ್ದು ಹಳತಾಯಿತು ತಾಯಿ, ತಿದ್ದಿಕೋ ಎಂದು ಅದು ಒಂದು ಸಲವಾದರೂ ಗೊಣಗಬಾರದಿತ್ತೇ? ಗೊಣಗಿದ್ದರೆ ನಾನು ಅಂದೇ ತಿದ್ದಿರುತ್ತಿದ್ದೆ. ಮುಲಾಜಿಗೆ ಬಸಿರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ಯಂತ್ರ ಮುಲಾಜು ಮಾಡಿತು, ಹೆರುವ ಕಷ್ಟ ಸಿರುಗುಪ್ಪದ ಹೆಣ್ಣುಮಕ್ಕಳಿಗೆ ಬಂತು.

ಒಂದು ಸುಲಭದ ದಾರಿ ಇತ್ತು. ಹಳೆಯ ಕಾಲದಲ್ಲಿ ಇದ್ದಂತೆ ನಡೆದುಕೋ ಎಂದು ಹೊಸ ಕಂಪ್ಯೂಟರಿಗೆ ಒಂದು ಸಾಲಿನಲ್ಲಿ ತಾಕೀತು ಮಾಡಬಹುದು, ಕೇಳುತ್ತದೆ. ಹಾಗೆ ಮಾಡಿ ಎದ್ದುಬಿಡಬಹುದಿತ್ತು. ಆದರೆ ಇನ್ನೊಂದು ಕಂಪ್ಯೂಟರು ಬಂದಾಗ, ಇನ್ನೊಬ್ಬ ಅಂಗಡಿಯವನು ಆ ಸಾಲು ಹಾಕಲು ಮರೆತಾಗ, ಮತ್ತೆ ಯಾರೋ ಕಳ್ಳರಾಗುತ್ತಾರೆ. ಬೇಡ ಎನ್ನಿಸಿತು. ಹೊಸ ನಿಯಮದ ಪ್ರಕಾರವೇ ಬರೆಯೋಣ ಎಂದರೆ ಅದು ಕುರುಗೋಡಿನ ಮುದಿ ಯಂತ್ರಕ್ಕೆ ತಿಳಿಯಬೇಕಲ್ಲ. ತಿಳಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಪುಸ್ತಕವನ್ನು ನಾನು ನಂಬುತ್ತೇನೆಯೇ? ಕುರುಗೋಡಿನಾಕೆಗೆ ಫೋನ್ ಹಚ್ಚಿ, ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದೆ. ಯಾಕೆ, ಏನಾಯಿತು, ಸಿಕ್ಕನೇನು ಎಂದು ನಡುನಡುವೆ ಕೇಳಿದಳು. ಬಂದದ್ದನ್ನು ಓದು ಸಾಕು ಎಂದೆ. ಓದಿದಳು. ಸರಿಯಾಗಿತ್ತು. ಸಿರುಗುಪ್ಪದಲ್ಲಿ ಅದೇ ಸಾಲು ಓಡಿಸಿದೆ, ಇಲ್ಲೂ ಸರಿಯಾಗಿತ್ತು. ಹಳೆಯದಕ್ಕೂ ಹೊಸದಕ್ಕೂ ತಿಳಿಯುವ ಮಾತು ಇದ್ದೇ ಇತ್ತು, ನಾನು ಇಷ್ಟು ದಿನ ಆಡಿರಲಿಲ್ಲ. ಕೊನೆಗೆ ಆ ಖಾಲಿ ಫೈಲನ್ನು ಅಳಿಸಲು ಹೋದಾಗ ಮಾಸ್ಟರ್ ತಡೆದು, ತೆಗೆದರೆ ಮತ್ತೆ ಇಲ್ಲ ಅನ್ನುವುದಿಲ್ಲವೇ ಎಂದು ಕೇಳಿದರು. ಅನ್ನುವುದಿಲ್ಲ, ಇನ್ನು ಅದನ್ನು ಕೇಳುವುದೇ ಇಲ್ಲ ಎಂದೆ.

ನನ್ನ ಬಾಯಿಮಾತಿಗೆ ಸಾವ್ಕಾರರು ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಉಳಿದಿದ್ದ ಒಂದು ಗಟ್ಟಿಯ ಹಿಂದಿನ ತುಂಡುಗಳಿಗೆ ಹೊಸ ಚೀಟಿ ಅಂಟಿಸಿದೆವು. ಒಂದೇ ನಂಬರಿನ ಮುಂದಿನ ತುಂಡು, ಹಿಂದಿನ ತುಂಡು ತೆಗೆದು ಮಾಸ್ಟರ್ ಎರಡರ ಅಂಚಿಗೂ ಬ್ಲೀಚಿಂಗ್ ನೀರು ಹಚ್ಚಿದರು. ಎರಡೂ ಒಂದೇ ನೀಲಿಗೆ ಇಳಿದವು. ಹಳೆಯ ಚೀಟಿಯ ಪ್ರಕಾರ ಜೋಡಿ ಮಾಡಿ ಹಚ್ಚಿದರೆ ಬೇರೆ ಬೇರೆ. ಫೋಟೋ ತೆಗೆದು ಕಳಿಸಿ ಸಾವ್ಕಾರರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ತುಂಡು ಬದಲಾಗಿಲ್ಲ, ಯಾರೂ ಕದ್ದಿಲ್ಲ, ಚೀಟಿ ತಪ್ಪಾಗಿ ಬಂದಿವೆ, ಕಾರಣ ಇಂಥದ್ದು ಎಂದು ಬಿಡಿಸಿ ಹೇಳಿದೆ.

ಸಾವ್ಕಾರರು ಎಲ್ಲ ಕೇಳಿಸಿಕೊಂಡು, ನೀವೂ ಅವರ ಕಡೆ ಆದಿರೇನು ಎಂದರು.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ನಾನು ಎಷ್ಟು ಜನರನ್ನು ಹೀಗೆ ನೋಡಿದ್ದೇನೋ, ನನ್ನನ್ನು ಯಾರೂ ಹೀಗೆ ನೋಡಿರಲಿಲ್ಲ. ಕುರುಗೋಡಿನಲ್ಲಿ ಅದೇ ಸಾಲು ಓಡಿಸಿದ್ದೇನೆ, ಆಕೆಯನ್ನೇ ಕೇಳಿ, ನನ್ನನ್ನು ನಂಬಬೇಡಿ ಎಂದು ಖಾರವಾಗಿಯೇ ಹೇಳಿದೆ. ಕೇಳಿದರು ಅಂತ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿ, ಆಯಿತು, ನಾಳೆಯಿಂದ ಬಟ್ಟೆ ಬರುತ್ತದೆ, ಮಷಿನ್ ಎತ್ತಿಸುವುದಿಲ್ಲ ಎಂದರು. ಹೆಣ್ಣುಮಕ್ಕಳ ನಡುವೆ ಸಣ್ಣಗೆ ಗುಜುಗುಜು ಎದ್ದಿತು. ಬಾಗಿಲಲ್ಲಿ ಕೂತವನನ್ನು ವಾಪಸ್ ಕರೆಸಿಕೊಳ್ಳಿ ಎಂದೆ. ಅದಕ್ಕೆ ಅವರು, ಹೇಗೂ ಕೂತಿದ್ದಾನೆ ಇರಲಿ, ಚೀಲ ನೋಡಿದರೆ ಯಾರ ಗಂಟು ಏನು ಹೋಗುತ್ತದೆ, ಒಳ್ಳೆಯ ರೂಢಿಯೇ ಅಲ್ಲವೇ ಎಂದರು.

ಅಲ್ಲಿಯವರೆಗೆ ದೂರ ನಿಂತು ಕೇಳುತ್ತಿದ್ದ ಮಾಸ್ಟರ್ ಮೇಜಿನ ಹತ್ತಿರ ಬಂದರು. ಫೋನನ್ನು ಎತ್ತಿಕೊಳ್ಳಲಿಲ್ಲ, ಬಗ್ಗಿ ಮಾತಾಡಿದರು.

"ಹಂಗಾದ್ರ ಬಟ್ಟಿ ಕಳಿಸಬ್ಯಾಡ್ರಿ ಸಾವ್ಕಾರ್ರ. ಮಷಿನ್ ಒಯ್ರಿ. ನಾನು ಮಾಡಿದ್ದು ತಪ್ಪು, ನನ್ನ ಚೀಲ ದಿನಾ ನೋಡ್ರಿ. ಇವರದ್ದಲ್ಲ."

ಎದುರಿಗಿದ್ದ ಹೆಣ್ಣುಮಕ್ಕಳು ಮಷಿನ್ ನಿಲ್ಲಿಸಿ ಫೋನನ್ನೇ ನೋಡುತ್ತಿದ್ದರು; ಈಗಷ್ಟೇ ಸಿಕ್ಕ ಕೆಲಸ ಮತ್ತೆ ಕೈ ಬಿಡುತ್ತದೆಯೋ ಏನೋ. ಕೊನೆಗೆ ಸಾವ್ಕಾರರು, ಆಯಿತು ಮಾರಾಯ, ಬಾಗಿಲಲ್ಲಿ ಕೂತವನಿಗೆ ಫೋನ್ ಕೊಡು ಎಂದರು. ಸೂಪರ್‌ವೈಸರ್ ಎರಡು ಮಾತು ಕೇಳಿಸಿಕೊಂಡು, ಹ್ಞೂಂ ಹ್ಞೂಂ ಎಂದು, ಬೈಕ್ ಹತ್ತಿ ಹೊರಟುಹೋದ.

ಸಂಜೆ ಬಸ್ಸಿನ ಹೊತ್ತಾಯಿತು. ನಾನು ಬಾಗಿಲ ಹತ್ತಿರ ನಿಂತು ಚಪ್ಪಲಿ ಮೆಟ್ಟುತ್ತಿದ್ದೆ. ಕೆಲಸ ಬಿಟ್ಟು ಬಂದವರಲ್ಲಿ ಎಲ್ಲರಿಗಿಂತ ಹಿರಿಯಳು, ಹಚ್ಚೊಳ್ಳಿ ಕಡೆಯಾಕೆ, ನನ್ನ ಮುಂದೆ ಬಂದು ನಿಂತು ಚೀಲ ತೆರೆದಳು. ಒಳಗೆ ಊಟದ ಡಬ್ಬಿ, ಬಾಚಣಿಗೆ, ಒಂದು ಮಾತ್ರೆಯ ಪಟ್ಟಿ. ಆಕೆಯ ಹಿಂದಿನವರೂ ಸಾಲಾಗಿ ನಿಂತು ಚೀಲ ತೆರೆದರು. ರೂಢಿಯ ಬಲದಿಂದ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡು, ಅವನು ಹೋದನಲ್ಲವ್ವಾ, ಇನ್ನು ಯಾರೂ ನೋಡುವುದಿಲ್ಲ, ಮುಚ್ಚು ಎಂದೆ.

"ಹೋಗ್ಯಾನಂತ ಗೊತ್ತೈತ್ರಿ," ಎಂದಳು ಆಕೆ. "ನೀವು ನೋಡಿಬಿಡ್ರಿ ಅಕ್ಕಾರ. ನಾಳಿ ಮತ್ತ ಏನಾರ ಬಂದ್ರ, ನೋಡೀನಿ, ಏನೂ ಇರಲಿಲ್ಲ ಅಂತ ಹೇಳಾಕ ಒಬ್ಬರು ಬೇಕಲ್ರಿ."

ನಾನು ಮುಖವನ್ನು ಆ ಕಡೆ ತಿರುಗಿಸಿದೆ. ಬಸ್ಸು ಬಂತು ಎಂದು ಯಾರೋ ಕೂಗಿದರು. ಆಕೆ ಹಾಗೇ ಚೀಲ ತೆರೆದುಕೊಂಡು ನಿಂತಿದ್ದಳು.